ಐಇಎಲ್‌ಟಿಎಸ್ ಬರೆಯುವ ಮುನ್ನ

ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಗೆ ಶುಲ್ಕ ಕಟ್ಟಿದ ಕೂಡಲೇ ದಪ್ಪನೆಯ ವ್ಯಾಕರಣ ಪುಸ್ತಕ ತಂದು ಮೊದಲ ಪುಟದಿಂದ ಉರುಹೊಡೆಯಲು ಕೂರಬೇಡಿ. ಬರವಣಿಗೆ, ಮಾತು ಎರಡರಲ್ಲೂ ವ್ಯಾಕರಣಕ್ಕೆ ಕಾಲು ಭಾಗ ಅಂಕವಿದೆ, ನಿಜ. ಆದರೆ ಅಲ್ಲಿ ಯಾರೂ ನಿಯಮ ಕೇಳುವುದಿಲ್ಲ, ನಿಮ್ಮ ವಾಕ್ಯಗಳನ್ನು ನೋಡುತ್ತಾರೆ.

ಮೊದಲು 40 ನಿಮಿಷದಲ್ಲಿ 250 ಪದಗಳ ಪ್ರಬಂಧವೊಂದನ್ನು ಬರೆದು, ಬಲ್ಲವರಿಂದ ತಿದ್ದಿಸಿ. ನಿಮ್ಮ ತಪ್ಪುಗಳು ಬಹುಪಾಲು ಮೂರ್ನಾಲ್ಕು ಬಗೆಯವೇ ಆಗಿರುತ್ತವೆ. ನಮ್ಮವರಲ್ಲಿ ‘ಎ’, ‘ದ’ ಬಿಟ್ಟುಹೋಗುವುದು ತೀರಾ ಸಾಮಾನ್ಯ. ‘ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಇನ್ನೊಂದು. ಇಲ್ಲಿ ‘ಹ್ಯಾವ್ ಬೀನ್ ಲಿವಿಂಗ್’ ಆಗಬೇಕು, ‘ಸಿನ್ಸ್’ ಜಾಗಕ್ಕೆ ‘ಫಾರ್’ ಬರಬೇಕು. ‘ಸಿನ್ಸ್ 2020’ ಎಂದು ಶುರುವಾದ ಹೊತ್ತನ್ನು ಹೇಳುವುದಾದರೆ ಸರಿ, ಕಳೆದ ಅವಧಿಗೆ ಅದು ಸಲ್ಲದು.

ವಾರಕ್ಕೊಂದೇ ತಪ್ಪನ್ನು ಹಿಡಿದುಕೊಳ್ಳಿ. ನಿಮ್ಮ ಊರು, ಕೆಲಸ, ಮನೆಮಂದಿಯ ಬಗ್ಗೆ ಅದರ ಸರಿಯಾದ ರೂಪ ಬಳಸಿ ದಿನಾ ಹತ್ತು ವಾಕ್ಯ ಬರೆದು, ಗಟ್ಟಿಯಾಗಿ ಓದಿ. ಗಟ್ಟಿಯಾಗಿ ಓದಿದ್ದು ಮಾತಿನ ಪರೀಕ್ಷೆಗೂ ಒದಗುತ್ತದೆ. ಪರೀಕ್ಷೆಯ ದಿನ ಕೊನೆಯ ಐದು ನಿಮಿಷವನ್ನು ತಿದ್ದುವುದಕ್ಕೆಂದೇ ಉಳಿಸಿಕೊಂಡು, ನಿಮಗೆ ಗೊತ್ತಿರುವ ಆ ತಪ್ಪುಗಳನ್ನಷ್ಟೇ ಹುಡುಕಿ.