ಸೈನಿಕ ಹುಳುವಿನ ದೇಶಾಂತರ ಪ್ರಯಾಣ

ದಾವಣಗೆರೆ, ಹಾವೇರಿ, ಶಿವಮೊಗ್ಗ ಸೀಮೆಗಳ ಅನೇಕ ರೈತರಿಗೆ ಮೆಕ್ಕೆಜೋಳವೇ ಜೀವನಾಧಾರವಾಗಿರುವದು. 2018ನೆಯ ಇಸವಿಯ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಮಹಾವಿದ್ಯಾಲಯದ ವಿದ್ವಾಂಸರು ಈ ಪೈರಿನಲ್ಲಿ ಅಪರಿಚಿತವಾದೊಂದು ಹುಳುವನ್ನು ಕಂಡರು. ಅದರ ತಲೆಯಲ್ಲಿ ಕವಲೊಡೆದ ಬಿಳಿಯ ಗೆರೆಯೂ, ಬಾಲದ ಸಮೀಪದಲ್ಲಿ ಚೌಕವಾಗಿ ನಿಂತ ನಾಲ್ಕು ಕಪ್ಪು ಚುಕ್ಕೆಗಳೂ ಇದ್ದವು. ಇದಕ್ಕೆ ಫಾಲ್ ಸೈನಿಕ ಹುಳು ಎಂದು ಹೆಸರು. ಭಾರತದಲ್ಲಿ ಇದು ಮೊದಲು ಗುರುತಿಸಲ್ಪಟ್ಟದ್ದು ನಮ್ಮ ಕನ್ನಡ ನಾಡಿನಲ್ಲಿಯೇ.

ಇದರ ತವರು ಅಮೇರಿಕ ಖಂಡಗಳ ಉಷ್ಣಪ್ರದೇಶ. 2016ರಲ್ಲಿ ಪಶ್ಚಿಮ ಆಫ್ರಿಕದಲ್ಲಿಯೂ, 2018ರಲ್ಲಿ ಭಾರತದಲ್ಲಿಯೂ, 2019ರಲ್ಲಿ ಚೀನಾದಲ್ಲಿಯೂ, 2020ರಲ್ಲಿ ಆಸ್ಟ್ರೇಲಿಯದಲ್ಲಿಯೂ ಇದರ ಇರುವಿಕೆಯು ಪ್ರಕಟವಾಯಿತು. ಇದರ ಪತಂಗವು ಒಂದೇ ರಾತ್ರಿಯಲ್ಲಿ ಸುಮಾರು 100 ಕಿಲೋಮೀಟರ್ ಹಾರಬಲ್ಲದು. ಹೆಣ್ಣು ಪತಂಗವು ತನ್ನ ಅಲ್ಪಾಯುಷ್ಯದಲ್ಲಿ ಸಾವಿರಕ್ಕೂ ಮಿಕ್ಕಿ ಮೊಟ್ಟೆಗಳನ್ನಿಡುವದು. ಮರಿಹುಳುವು ಪೈರಿನ ಸುಳಿಯೊಳಗೆ ಅಡಗಿ ತಿನ್ನುವದರಿಂದ ಔಷಧವು ಅದಕ್ಕೆ ಸುಲಭವಾಗಿ ತಗಲದು.

ಹಾಗಾದರೆ ಇದು ಯಾವ ಮಾರ್ಗವಾಗಿ ಬಂದಿತು? ಇದಕ್ಕೆ ಉತ್ತರವನ್ನು ವಿಜ್ಞಾನಿಗಳು ಹುಳುವಿನ ವಂಶವಾಹಿಗಳಲ್ಲಿಯೇ ಹುಡುಕಿದರು. ಈ ಹುಳುವಿನಲ್ಲಿ ಜೋಳದ ತಳಿ, ಭತ್ತದ ತಳಿ ಎಂದು ಎರಡುಂಟು. ಕಣ್ಣಿಗೆ ಅವೆರಡೂ ಒಂದೇ. ವಂಶವಾಹಿಗಳಿಂದಲೇ ಭೇದವನ್ನು ತಿಳಿಯಬೇಕು. ಕೆಲವು ಗುರುತುಗಳು ತಾಯಿಯಿಂದ ಮಾತ್ರ ಬರುವವು. ಕೆಲವು ತಂದೆಯಿಂದಲೂ ಬರುವವು. ಆಫ್ರಿಕ ಮತ್ತು ಭಾರತದ ಅನೇಕ ಹುಳುಗಳಲ್ಲಿ ತಾಯಿಯ ಗುರುತು ಭತ್ತದ ತಳಿಯದಾಗಿದ್ದು, ಇತರ ಗುರುತು ಜೋಳದ ತಳಿಯದಾಗಿತ್ತು. ಅಂದರೆ ಇವು ಮಿಶ್ರ ಸಂತತಿಯವು. ಎರಡು ಕಡೆಯ ಹುಳುಗಳಿಗೂ ಹೀಗೆ ಹೋಲಿಕೆಯಿದ್ದುದರಿಂದ, ಒಂದೇ ಗುಂಪು ಆಫ್ರಿಕವನ್ನು ಸೇರಿ ಅಲ್ಲಿಂದ ಪೂರ್ವಕ್ಕೆ ಹರಡಿತೆಂದು ಊಹಿಸಲಾಯಿತು.

ಆದರೆ ಸಂಪೂರ್ಣ ವಂಶವಾಹಿ ಸಮೂಹವನ್ನು ಪರೀಕ್ಷಿಸಿದ ತರುವಾಯದ ಸಂಶೋಧನೆಗಳು, ಹುಳುವು ಏಷ್ಯಕ್ಕೆ ಒಂದಕ್ಕಿಂತ ಹೆಚ್ಚು ಸಾರಿ ಪ್ರವೇಶಿಸಿದೆಯೆಂಬದಕ್ಕೆ ಸಾಕ್ಷ್ಯವನ್ನೊದಗಿಸಿದವು. ಮನುಷ್ಯನು ಕಂಡ ವರುಷವೇ ಹುಳುವು ಬಂದ ವರುಷವಾಗಿರಬೇಕೆಂದಿಲ್ಲ.

ಈ ಭೇದವು ಪಂಡಿತರ ಚರ್ಚೆಗೆ ಮಾತ್ರ ಸಂಬಂಧಪಟ್ಟದ್ದಲ್ಲ. ಶತ್ರುವು ಒಮ್ಮೆಯೇ ಬಂದಿದ್ದರೆ ಇನ್ನು ಬಾಗಿಲು ಕಾಯುವದೇಕೆ ಎನ್ನಬಹುದಿತ್ತು. ಪುನಃ ಪುನಃ ಬರುವದಾದರೆ, ಔಷಧಕ್ಕೆ ಜಗ್ಗದ ಗುಣವು ಹೊಸ ಗುಂಪಿನೊಡನೆ ಬರಬಹುದು. ಆದಕಾರಣ ಪರದೇಶದ ಸಸ್ಯಸರಕುಗಳ ತಪಾಸಣೆಯು ಈಗಲೂ ಅತ್ಯವಶ್ಯಕ. ಪಣಂಬೂರಿನ ಬಂದರಿಗೆ ಸಮೀಪವಾಗಿರುವ ಕೂಳೂರಿನವರಾದ ನಾವು ಇದನ್ನು ವಿಶೇಷವಾಗಿ ತಿಳಿದಿರತಕ್ಕದ್ದು.

ರಜಾದಿನಗಳಲ್ಲಿ ಘಟ್ಟದ ಮೇಲಣ ಊರುಗಳಿಗೆ ಹೋಗುವ ವಿದ್ಯಾರ್ಥಿನಿಯರು ಎಳೆಯ ಜೋಳದ ಎಲೆಗಳನ್ನು ತಿರುಗಿಸಿ ನೋಡಲಿ. ಮೊಟ್ಟೆಗಳ ಗುಂಪು ಕಂಡರೆ ಕೈಯಿಂದಲೇ ಹಿಸುಕಿಬಿಡಲಿ. ಹುಳುವು ಸುಳಿಯನ್ನು ಹೊಕ್ಕ ಮೇಲೆ ಮಾಡುವ ವೆಚ್ಚಕ್ಕಿಂತ ಈ ಸ್ವಲ್ಪ ಶ್ರಮವೇ ಲೇಸು.