ಕಡಲಹೂವಿನ ಮನೆಯ ಕೋಡಂಗಿ ಮೀನು

ಮಂಗಳೂರಿಗೆ ಪಶ್ಚಿಮದಲ್ಲಿ, ಅರಬ್ಬಿ ಸಮುದ್ರದ ನಡುವೆ, ಅಮಿನಿ, ಕಡಮತ್, ಕಿಲ್ತನ್, ಚೆಟ್ಲತ್, ಬಿತ್ರ ಎಂಬ ಚಿಕ್ಕ ದ್ವೀಪಗಳುಂಟು. 1956ರ ವರೆಗೆ ಇವು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದು, ಅಲ್ಲಿಯ ತೆಂಗಿನ ನಾರಿನ ಹುರಿಯು ಮಂಜಿಗಳಲ್ಲಿ ಮಂಗಳೂರಿನ ಬಂದರಿಗೆ ಬರುತ್ತಿತ್ತು. ಈಗ ಇವು ಲಕ್ಷದ್ವೀಪದ ಭಾಗವಾಗಿವೆ. ಹವಳವೆಂಬ ಸಣ್ಣ ಪ್ರಾಣಿಗಳ ಸುಣ್ಣದ ಗೂಡುಗಳಿಂದಲೇ ಈ ದ್ವೀಪಗಳು ಉಂಟಾದುವು. ಸುತ್ತಲಿನ ಹವಳದ ದಿಬ್ಬವು ತೆರೆಗಳ ಹೊಡೆತವನ್ನು ತಡೆಯುವುದರಿಂದ ಒಳಗಣ ನೀರು ಕೆರೆಯಂತೆ ತಿಳಿಯಾಗಿರುವುದು. ಅಲ್ಲಿ ವಾಸಿಸುವ ಒಂದು ಮೀನಿನ ವಿಷಯವನ್ನು ನಮ್ಮ ಹಳೆವಿದ್ಯಾರ್ಥಿನಿಯರಿಗೂ ಹೆತ್ತವರಿಗೂ ತಿಳಿಸಬಯಸುತ್ತೇವೆ.

ಇದು ಸುಮಾರು ಅರ್ಧ ಗೇಣುದ್ದದ ಮೀನು. ಕಪ್ಪು ಮೈ, ಅದರ ಮೇಲೆ ಅಡ್ಡಲಾಗಿ ಬಿಳಿಯ ಪಟ್ಟೆಗಳು, ಹಳದಿಯ ರೆಕ್ಕೆಗಳು. ಈ ವೇಷವನ್ನು ನೋಡಿಯೇ ಇಂಗ್ಲಿಷರು ಇದನ್ನೂ ಇದರ ಬಂಧುಗಳನ್ನೂ ಕೋಡಂಗಿ ಮೀನುಗಳೆಂದು ಕರೆದರು. ಚಿತ್ರಗಳಲ್ಲಿ ಮಕ್ಕಳು ಕಾಣುವ ಕಿತ್ತಳೆ ಬಣ್ಣದ ಮೀನು ಇದರ ದಾಯಾದಿ. ಅದು ನಮ್ಮ ದೇಶದಲ್ಲಿ ಅಂಡಮಾನಿನ ಕಡೆಯದು.

ಇದರ ಮನೆಯು ಕಡಲಹೂವು. ಹೆಸರಿಗೆ ಹೂವಾದರೂ ಅದು ಬಂಡೆಗೆ ಅಂಟಿಕೊಂಡಿರುವ ಒಂದು ಪ್ರಾಣಿ. ಅದರ ಎಸಳುಗಳಂತಿರುವ ಕೈಗಳಲ್ಲಿ ಅಸಂಖ್ಯ ವಿಷದ ಮುಳ್ಳುಗಳು ಅಡಗಿವೆ. ತಗಲಿದ ಸಣ್ಣ ಮೀನು ಸ್ತಬ್ಧವಾಗಿ ಅದಕ್ಕೆ ಆಹಾರವಾಗುವುದು. ಕೋಡಂಗಿ ಮೀನಾದರೋ ಆ ಕೈಗಳ ನಡುವೆಯೇ ಮಲಗಿ ಏಳುತ್ತದೆ. ಅದರ ಮೈಮೇಲಿನ ಲೋಳೆಯೇ ಅದಕ್ಕೆ ರಕ್ಷೆ. ಮುಳ್ಳುಗಳನ್ನು ಕೆರಳಿಸತಕ್ಕ ಒಂದು ವಸ್ತುವು ಇತರ ಮೀನುಗಳ ಲೋಳೆಯಲ್ಲಿ ಹೆಚ್ಚಾಗಿಯೂ ಇದರಲ್ಲಿ ಬಹು ಸ್ವಲ್ಪವಾಗಿಯೂ ಇರುವುದೆಂದು ಈಚೆಗೆ ಶೋಧಿಸಲ್ಪಟ್ಟಿದೆ. ಬಾಡಿಗೆಯಿಲ್ಲದೆ ಈ ವಾಸವೆಂದು ತಿಳಿಯಬಾರದು. ಕಡಲಹೂವಿನ ಕೈಗಳನ್ನು ಕಚ್ಚಿ ತಿನ್ನಲು ಬರುವ ಚಿಟ್ಟೆಮೀನುಗಳನ್ನು ಇದು ತನಗಿಂತ ದೊಡ್ಡವೆಂದೂ ನೋಡದೆ ಅಟ್ಟುವುದು; ಇದರ ಮಲಮೂತ್ರಗಳು ಕಡಲಹೂವಿಗೆ ಗೊಬ್ಬರದಂತೆ ಒದಗುವುವು.

ಈ ಕುಟುಂಬದ ವ್ಯವಸ್ಥೆಯನ್ನು ಕೇಳಿದರೆ ನಮ್ಮ ಹುಡುಗಿಯರು ನಗದೆ ಇರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಮೀನು ಹೆಣ್ಣು, ಅವಳೇ ಯಜಮಾನಿ. ಎರಡನೆಯದು ಅವಳ ಗಂಡು. ಉಳಿದವು ಚಿಕ್ಕವಾಗಿಯೇ ಉಳಿದು ತಮ್ಮ ಸರದಿಯನ್ನು ಕಾಯುವುವು. ಹೆಣ್ಣು ಸತ್ತರೆ ಆ ಗಂಡೇ ಕೆಲವು ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ, ಹೆಣ್ಣಾಗಿ ಮಾರ್ಪಟ್ಟು ಮೊಟ್ಟೆಯಿಡುವುದು! 2003ರಲ್ಲಿ ಬಂದ ಪ್ರಸಿದ್ಧ ಚಲಚ್ಚಿತ್ರದಲ್ಲಿ ತಾಯಿ ಸತ್ತ ಮೇಲೆ ತಂದೆಯು ತಂದೆಯಾಗಿಯೇ ಉಳಿದುದು ಕಥೆಗೆ ಒಪ್ಪುವುದೇ ಹೊರತು ಪ್ರಕೃತಿಗಲ್ಲ. ಆದರೂ ಆ ತಂದೆಯ ಮಮತೆಯು ಸುಳ್ಳಲ್ಲ. ಕಡಲಹೂವಿನ ಬುಡದ ಬಂಡೆಯ ಮೇಲಿಟ್ಟ ಮೊಟ್ಟೆಗಳಿಗೆ ಒಂದು ವಾರದಷ್ಟು ಕಾಲ ರೆಕ್ಕೆಯಿಂದ ನೀರು ಬೀಸುತ್ತ, ಕೆಟ್ಟವನ್ನು ಆರಿಸಿ ತೆಗೆಯುತ್ತ ಕಾಯುವುದು ಗಂಡೇ. ರಾತ್ರಿಯಲ್ಲಿ ಹೊರಬಂದ ಮರಿಗಳು ಪ್ರವಾಹದಲ್ಲಿ ತೇಲಿಹೋಗಿ, ಸುಮಾರು ಎರಡು ವಾರಗಳ ತರುವಾಯ ತಮಗೊಂದು ಕಡಲಹೂವನ್ನು ಹುಡುಕಿಕೊಳ್ಳಬೇಕು. ಸಿಕ್ಕದಿದ್ದರೆ ಬದುಕಿಲ್ಲ.

ಆ ಮನೆಗೇ ಈಗ ಅಪಾಯವೊದಗಿದೆ. ಹವಳಗಳಿಗೂ ಕಡಲಹೂವುಗಳಿಗೂ ಬಣ್ಣವನ್ನೂ ಬಹುಪಾಲು ಆಹಾರವನ್ನೂ ಕೊಡುವುದು ಅವುಗಳೊಳಗಿರುವ ಸೂಕ್ಷ್ಮ ಪಾಚಿಗಳು. ಸಮುದ್ರವು ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚಾಗಿ ಬಿಸಿಯಾಗಿ ಕೆಲವು ವಾರ ಹಾಗೆಯೇ ನಿಂತರೆ ಪಾಚಿಗಳು ಹೊರಬಿದ್ದು, ಆಶ್ರಯಕೊಟ್ಟ ಪ್ರಾಣಿ ಬಿಳಿಚಿಕೊಳ್ಳುವುದು. ಲಕ್ಷದ್ವೀಪದ ಹವಳಗಳು 1998, 2010, 2016, 2024ನೆಯ ಇಸವಿಗಳಲ್ಲಿ ಹೀಗೆ ಬಿಳಿಚಿದುವು. ಪೆಸಿಫಿಕ್ ಸಾಗರದ ಮೊರೆಯಾ ದ್ವೀಪದಲ್ಲಿ, ಬಿಳಿಚಿದ ಕಡಲಹೂವುಗಳಲ್ಲಿದ್ದ ಕೋಡಂಗಿ ಮೀನುಗಳು ಮೊಟ್ಟೆಯಿಡುವುದು ಬಹಳ ಕಡಿಮೆಯಾದುದು ಕಂಡುಬಂದಿದೆ.

ಮನೆಯ ಗಾಜಿನ ತೊಟ್ಟಿಗೆ ಇಂಥ ಮೀನನ್ನು ತರಬಹುದೇ ಎಂದು ಕೇಳುವ ಹೆತ್ತವರಿಗೆ ನಾವು ಹೇಳುವುದಿಷ್ಟು: ಮಾರುವವನನ್ನು ಅದು ಎಲ್ಲಿ ಹುಟ್ಟಿದ್ದೆಂದು ಮೊದಲು ಕೇಳಿರಿ. ಈ ಮೀನುಗಳನ್ನು ತೊಟ್ಟಿಗಳಲ್ಲಿಯೇ ಮರಿಮಾಡಿಸುವ ವಿದ್ಯೆಯು ನಮ್ಮ ದೇಶದಲ್ಲಿಯೂ ಸಿದ್ಧಿಸಿದೆ. ಅಂಥ ಮರಿಯನ್ನು ಕೊಳ್ಳಲು ನಮ್ಮ ಆಕ್ಷೇಪವಿಲ್ಲ. ಹವಳದ ದಿಬ್ಬದಿಂದ ಯಜಮಾನಿಯನ್ನು ಹಿಡಿದು ತಂದರಾದರೋ, ಗಂಡು ಹೆಣ್ಣಾಗಿ, ಸರದಿ ಕಾಯುತ್ತಿದ್ದ ಮರಿಯು ಬೆಳೆದು ಗಂಡಾಗುವ ತನಕ ಆ ಕಡಲಹೂವಿನ ಬುಡದಲ್ಲಿ ಒಂದು ಮೊಟ್ಟೆಯೂ ಇರುವುದಿಲ್ಲ.