ಮರೆವಿನಲ್ಲೂ ಉಳಿಯುವ ಕಲಿಕೆ

ಕಲಿತದ್ದನ್ನೆಲ್ಲ ನಾವು ತಿಳಿದೇ ಬಳಸುತ್ತೇವೆಂದು ಭಾವಿಸುವುದು ಸಹಜ. ಆದರೆ ಅಂಗಿಯ ಗುಂಡಿ ಹಾಕುವಾಗ, ಮೆಟ್ಟಿಲು ಇಳಿಯುವಾಗ, ಕತ್ತಲಲ್ಲಿ ದನಿಯಿಂದಲೇ ಮನೆಯವರನ್ನು ಗುರುತಿಸುವಾಗ ನಾವು ಏನನ್ನೂ ಯೋಚಿಸುವುದಿಲ್ಲ. ಕಲಿಕೆಗೆ ಎರಡು ದಾರಿಗಳಿವೆ: ಒಂದು ಅರಿವಿನಿಂದ ನಡೆಯುವುದು, ಇನ್ನೊಂದು ಅರಿವಿಗೆ ಬಾರದಂತೆ ನಡೆಯುವುದು. ಇವೆರಡರ ಭೇದವನ್ನು ತಿಳಿದರೆ ಮನೆಯ ಹಿರಿಯರ ಆರೈಕೆಗೆ ಬಹಳ ಸಹಾಯವಾಗುತ್ತದೆ.

ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಬಡಗುತಿಟ್ಟು ಯಕ್ಷಗಾನವನ್ನು ನೋಡಿದವರಿಗೆ ಈ ಮಾತು ಬೇಗ ತಿಳಿದೀತು. ಬ್ರಹ್ಮಾವರದ ಸಮೀಪದ ಹಾರಾಡಿ, ಮಟಪಾಡಿ ಎಂಬ ಊರುಗಳ ಹೆಸರಿನಲ್ಲಿ ಕುಣಿತದ ಎರಡು ಪರಂಪರೆಗಳೇ ಇವೆ. ಹೊಸ ವಿದ್ಯಾರ್ಥಿಯು ಬಾಯಲ್ಲಿ ತಾಳ ಹೇಳುತ್ತ, ಕೈಯಲ್ಲಿ ತಾಳ ಹಾಕುತ್ತ, ಹೆಜ್ಜೆಯನ್ನು ಎಣಿಸಿ ಇಡುತ್ತಾನೆ. ಆಗ ಅವನಿಗೆ ಬೇರೊಂದರತ್ತ ಗಮನ ಕೊಡಲು ಸಾಧ್ಯವಿಲ್ಲ. ವರ್ಷಗಳ ಅಭ್ಯಾಸದ ಬಳಿಕ ಎಣಿಕೆ ಅಳಿಯುತ್ತದೆ, ಹೆಜ್ಜೆ ಉಳಿಯುತ್ತದೆ. ಭಾಗವತರ ಪದ್ಯಕ್ಕೆ ಕುಣಿಯುತ್ತಲೇ, ಮುಂದೆ ಆಡಬೇಕಾದ ಮಾತನ್ನು ಅವನು ಮನದಲ್ಲಿ ಕಟ್ಟಿಕೊಳ್ಳಬಲ್ಲನು. ಕಾಲು ಅರಿವಿನ ಹಂಗನ್ನು ಬಿಟ್ಟುದರಿಂದಲೇ ಮನಸ್ಸಿಗೆ ಈ ಬಿಡುವು ದೊರೆಯಿತು. ತಪ್ಪು ಹೆಜ್ಜೆಯೂ ಇದೇ ರೀತಿ ಮೈಗಂಟಿಕೊಳ್ಳುವುದರಿಂದ ಮೊದಲ ಪಾಠವನ್ನು ನಿಧಾನವಾಗಿ, ಸರಿಯಾಗಿ ಕಲಿಯಬೇಕು.

ಗ್ರಹಿಕೆಯ ವಿಷಯವೂ ಹೀಗೆಯೇ. ಚೆಂಡೆಯ ಒಂದು ಪೆಟ್ಟು ತಪ್ಪಿದರೆ ಪಳಗಿದ ಕಿವಿ ತಟ್ಟನೆ ಎಚ್ಚರಗೊಳ್ಳುತ್ತದೆ. ತಪ್ಪಿದ್ದು ಎಲ್ಲಿ ಎಂಬುದು ಅನಂತರ ಹೊಳೆಯುತ್ತದೆ.

ಈ ಎರಡು ದಾರಿಗಳು ಮೆದುಳಿನಲ್ಲಿಯೂ ಬೇರೆ ಬೇರೆ ಎಂಬುದಕ್ಕೆ ಅಮೆರಿಕದ ಹೆನ್ರಿ ಮೊಲೈಸನ್ ಎಂಬವರ ವೃತ್ತಾಂತವು ಪ್ರಸಿದ್ಧ ನಿದರ್ಶನ. 1953ರಲ್ಲಿ, ತಮ್ಮ 27ನೆಯ ವಯಸ್ಸಿನಲ್ಲಿ, ಅಪಸ್ಮಾರದ ಚಿಕಿತ್ಸೆಗಾಗಿ ಅವರು ಶಸ್ತ್ರಕ್ರಿಯೆಗೆ ಒಳಗಾದರು. ಹೊಸ ನೆನಪುಗಳನ್ನು ರೂಪಿಸುವ ಹಿಪೊಕ್ಯಾಂಪಸ್ ಎಂಬ ಭಾಗದ ದೊಡ್ಡ ಅಂಶವನ್ನು ಎರಡೂ ಕಡೆಗಳಿಂದ ತೆಗೆಯಲಾಯಿತು. ಅಲ್ಲಿಂದ ಮುಂದೆ ಹೊಸ ಸಂಗತಿಗಳು ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವರಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಅಂಚಿನ ಗುಂಟ ಗೆರೆ ಎಳೆಯುವ ಅಭ್ಯಾಸ ಕೊಟ್ಟರು. ಮೂರು ದಿನಗಳಲ್ಲಿ ಅವರ ಕೈ ಚೆನ್ನಾಗಿ ಪಳಗಿತು. ಆದರೆ ಹಿಂದೆ ಆ ಗೆರೆ ಎಳೆದಿದ್ದೇನೆಂಬುದೇ ಅವರಿಗೆ ನೆನಪಿರಲಿಲ್ಲ. ನೆನಪು ಅರಿಯದುದನ್ನು ಕೈ ಅರಿತಿತ್ತು.

ಅಲ್ಜೈಮರ್ ಕಾಯಿಲೆಯು ಮೊದಲು ಬಾಧಿಸುವ ಭಾಗಗಳಲ್ಲಿ ಈ ಹಿಪೊಕ್ಯಾಂಪಸ್ ಸಹ ಒಂದು. ರೂಢಿಯ ಕೆಲಸಗಳಿಗೆ ಆಧಾರವಾದ ಬೇಸಲ್ ಗ್ಯಾಂಗ್ಲಿಯಾ ಮತ್ತು ಕಿರುಮೆದುಳು ಸಾಮಾನ್ಯವಾಗಿ ಹೆಚ್ಚು ಕಾಲ ಉಳಿದುಕೊಳ್ಳುತ್ತವೆ. ಆದುದರಿಂದಲೇ ಮೊಮ್ಮಗಳ ಹೆಸರನ್ನು ಮರೆತ ಅಜ್ಜಿ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಬಲ್ಲಳು. ನಿನ್ನೆಯ ಊಟವನ್ನು ಮರೆತ ಅಜ್ಜ ಹರಿದ ಬಲೆಯನ್ನು ಹೆಣೆಯಬಲ್ಲನು. ನಾವಾದರೋ "ಅಜ್ಜೀ, ನಾ ಯಾರ್ ಹೇಳಿ ಕಾಂಬ" ಎಂದು ದಿನವೂ ಪರೀಕ್ಷಿಸುತ್ತೇವೆ. ಮುಚ್ಚಿದ ಬಾಗಿಲನ್ನೇ ತಟ್ಟಿದಂತೆ ಇದು. ಅವರಿಗೆ ನಾಚಿಕೆ, ನಮಗೆ ದುಃಖ. ಅದರ ಬದಲು ನಮ್ಮ ಹೆಸರನ್ನು ನಾವೇ ಹೇಳಿ, ಕೈಗೆ ಹೂವನ್ನೋ ತಾಳವನ್ನೋ ಕೊಟ್ಟು ಜೊತೆಯಲ್ಲಿ ಕುಳಿತುಕೊಳ್ಳೋಣ.

ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಸ್ಥಿತಿ ತಿರುಗುಮುರುಗು. ಅಲ್ಲಿ ತಾನಾಗಿ ನಡೆಯಬೇಕಾದ ಹೆಜ್ಜೆಯೇ ತಡೆಯುತ್ತದೆ. ಆಗ ಅರಿವು ನೆರವಿಗೆ ಬರಬೇಕು. ನೆಲದ ಮೇಲಿನ ಗೆರೆಗಳನ್ನು ದಾಟುವುದು, ಎಣಿಸುತ್ತ ನಡೆಯುವುದು, ತಾಳದ ಸದ್ದಿಗೆ ಕಾಲಿಡುವುದು ಅನೇಕರಿಗೆ ಪ್ರಯೋಜನಕಾರಿ. ಹೊಸ ಶಿಷ್ಯನ ಪಾಠವೇ ಇಲ್ಲಿ ಮರಳಿ ಬಂದಂತಾಯಿತು.

ಕೆಲವು ಎಚ್ಚರಿಕೆಗಳು ಅವಶ್ಯ:

1. ಕೈ ಪಳಗಿದೆಯೆಂದ ಮಾತ್ರಕ್ಕೆ ವಿವೇಚನೆ ಉಳಿದಿದೆಯೆಂದು ತಿಳಿಯಬಾರದು. ಒಲೆ, ಕತ್ತಿಯ ಬಳಿ ಒಬ್ಬರು ಜೊತೆಗಿರಲಿ. ವಾಹನ ಚಾಲನೆಯ ಬಗ್ಗೆ ವೈದ್ಯರ ಸಲಹೆ ಪಡೆಯಬೇಕು.

2. ಮರೆವೆಲ್ಲವೂ ಮುಪ್ಪಿನ ಫಲವಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ಖಿನ್ನತೆಗಳಿಂದಲೂ ಅದು ಬರಬಹುದು, ಇವಕ್ಕೆ ಚಿಕಿತ್ಸೆಯುಂಟು.

3. ಹಠಾತ್ತಾಗಿ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಒಂದು ಬದಿಯ ಕೈಕಾಲು ಸೋತರೆ ಅದು ಪಾರ್ಶ್ವವಾಯುವಿನ ಲಕ್ಷಣ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಬದುಕಿನುದ್ದಕ್ಕೂ ಶ್ರದ್ಧೆಯಿಂದ ಮಾಡಿದ ಕೆಲಸವು ಹೆಸರು, ದಿನಾಂಕಗಳಿಗಿಂತ ಆಳದಲ್ಲಿ ನೆಲೆಸಿರುತ್ತದೆ. ಹಿರಿಯರು ಕಳೆದುಕೊಂಡದ್ದನ್ನು ಎಣಿಸುವುದನ್ನು ಬಿಟ್ಟು, ಅವರಲ್ಲಿ ಉಳಿದಿರುವುದನ್ನು ಹುಡುಕಿ ಗೌರವಿಸುವುದು ನಮ್ಮೆಲ್ಲರ ಕರ್ತವ್ಯ.